ಗಿರಣಿಯ ಪಟ್ಟಾ ಹರಿದಾಗ

ಮೊನ್ನೆ ಬಟ್ಟೆ ಒಗೆಯುವ ಮಷಿನ್ ನಡುವೆಯೇ ನಿಂತು, ಸುಟ್ಟ ರಬ್ಬರಿನ ವಾಸನೆ ಮನೆ ತುಂಬಿತು. ನಮ್ಮ ಮನೆಯವರು ಕಿಟಕಿ ತೆರೆದರು, ರಿಪೇರಿಯವನಿಗೆ ಫೋನ್ ಮಾಡಿದರು, ಪೇಪರ್ ಹಿಡಿದು ಕೂತರು. ನನಗೆ ಕೂರಲಾಗಲಿಲ್ಲ. ಮೊದಲಿನಿಂದಲೂ ನಾನು ಒಂದು ಕಡೆ ಕೂತವಳಲ್ಲ ಬಿಡಿ. ಮದುವೆಯ ಹಾರ ಹಾಕಿಕೊಂಡೇ ಎದ್ದು ಹೋಗಿ ಅಡುಗೆಯವರಿಗೆ ಬುದ್ಧಿ ಹೇಳಿದವಳು ಎಂದು ತವರಿನಲ್ಲಿ ಇಂದಿಗೂ ನಗುತ್ತಾರೆ. ಆದರೆ ಈ ವಾಸನೆಯ ಚಡಪಡಿಕೆಯೇ ಬೇರೆ. ಅದು ಗೊಳಸಂಗಿಯದು.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಮುದ್ದೇಬಿಹಾಳದಿಂದ ಗೊಳಸಂಗಿಗೆ ಸೊಸೆಯಾಗಿ ಹೋದೆ. ಮನೆಯ ಮುಂದಿನ ಖೋಲಿಯಲ್ಲೇ ಹಿಟ್ಟಿನ ಗಿರಣಿ. ಒಂದು ಕಡೆ ಡೀಸೆಲ್ ಎಂಜಿನ್, ಎದುರಿಗೆ ಬೀಸುವ ಕಲ್ಲು. ಎರಡರ ಪುಲ್ಲಿಗಳನ್ನೂ ಬಳಸಿಕೊಂಡು ಓಡುವ ಅಂಗೈ ಅಗಲದ ರಬ್ಬರ್ ಪಟ್ಟಾ. ಮಾವ ತೀರಿಕೊಂಡ ಮೇಲೆ ಗಿರಣಿ ಅತ್ತೆಯ ಪಾಲಿಗೆ ಬಂದಿತ್ತು. ನಲವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು; ಹುಬ್ಬಿನ ಮೇಲೆ ಸದಾ ಹಿಟ್ಟು. ನನ್ನ ಗಂಡ ಇಂಡಿಯಲ್ಲಿ ಮಾಸ್ತರರು, ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೆ ಹೊರಡುವವರು. "ಅವ್ವ ಒಬ್ಬಾಕಿ ಹೆಂಗ ನಡಸ್ತಾಳ? ಏನರ ಕೆಟ್ರ ಯಾರದಾರ?" ಎಂದು ನನ್ನನ್ನು ಅಲ್ಲೇ ಬಿಟ್ಟಿದ್ದರು.

ನನಗೋ ಇಂಡಿಯಲ್ಲಿ ಅವರಿದ್ದ ಬಾಡಿಗೆ ಕೋಣೆಯದೇ ಧ್ಯಾನ. ಎಂಜಿನ್ನಿನ ಸದ್ದು ನಿಂತ ಮೇಲೂ ತಲೆಯೊಳಗೆ ಓಡುತ್ತಿತ್ತು. ಕೊನೆಗೆ ನನ್ನ ಗಂಡನೇ ಒಂದು ದಾರಿ ಕಂಡುಕೊಂಡರು: ಗಿರಣಿ ಮಾರುವುದು, ಮೂವರೂ ಇಂಡಿಗೆ ಹೋಗುವುದು. ಸಿಂದಗಿಯ ಒಬ್ಬರು ಭಾನುವಾರ ಗಿರಣಿ ನೋಡಲು ಬರುತ್ತೇನೆಂದಿದ್ದರು. ಅತ್ತೆ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ.

ಶುಕ್ರವಾರ ಬೆಳಿಗ್ಗೆ, ಜೋಳದ ಬುಟ್ಟಿಗಳು ಸಾಲು ಹಿಡಿದಿದ್ದಾಗ, ಛಟ್ ಎಂದು ಸದ್ದಾಯಿತು. ಹರಿದ ಪಟ್ಟಾ ಗೋಡೆಗೆ ಬಡಿದು ಸುಣ್ಣ ಉದುರಿಸಿತು, ಸುಟ್ಟ ರಬ್ಬರಿನ ವಾಸನೆ ಖೋಲಿ ತುಂಬಿತು. ಕಲ್ಲಿನ ಕಡೆಯ ಪುಲ್ಲಿಯ ಅಂಚು ಒಡೆದು, ಆ ಒಡಕೇ ಪಟ್ಟಾವನ್ನು ಕತ್ತರಿಸಿತ್ತು.

"ನಡಿ, ಬಾಗೇವಾಡಿಗೆ ಹೋಗೂಣು," ಎಂದರು ಅತ್ತೆ.

"ನಾಳೆ ಇವರು ಬರ್ತಾರಲ್ರಿ ಅತ್ತಿ, ಅವರ ನೋಡ್ತಾರ."

"ಅವ ಬರೂದ್ರೊಳಗ ಗಿರಣಿ ತಿರಗಬೇಕು."

ನನಗೆ ಒಳಗೊಳಗೇ ಖುಷಿ. ತಿರುಗುವ ಗಿರಣಿಯನ್ನು ಯಾರಾದರೂ ಕೊಳ್ಳುತ್ತಾರೆ, ನಿಂತದ್ದನ್ನು ಯಾರು ಕೇಳುತ್ತಾರೆ? ಅತ್ತೆಗೂ ಮಾರುವ ಆತುರ ಹುಟ್ಟಿದೆ ಎಂದುಕೊಂಡೆ. ಇಬ್ಬರೂ ಸೇರಿ, ತುಕ್ಕು ಹಿಡಿದ ಪುಲ್ಲಿಗೆ ಚಿಮಣಿ ಎಣ್ಣೆ ಹೊಯ್ದು, ಕಟ್ಟಿಗೆ ತುಂಡು ಆನಿಸಿ ಬಡಿದು ಬಿಚ್ಚಿದೆವು. ಅದನ್ನು ಚೀಲದಲ್ಲಿ ಹಾಕಿ, ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋದೆ.

ಅಂಗಡಿಯವನು ನಮ್ಮ ಹಿಂದೆ ಇಣುಕಿ, "ಗಂಡಸರು ಯಾರೂ ಬಂದಿಲ್ಲೇನ್ರಿ?" ಎಂದ.

"ಪುಲ್ಲಿ ನೋಡಾಕ ಬಂದೇವ್ರಿ, ವರಾ ನೋಡಾಕಲ್ಲ," ಎಂದರು ಅತ್ತೆ. ನಾನು ಅವರ ಬಾಯಿಂದ ತಮಾಷೆ ಕೇಳಿದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ಹೊಸ ಪುಲ್ಲಿ ಕೂಡಿಸಿ ಹೊಸ ಪಟ್ಟಾ ಏರಿಸಿದೆವು. ಹ್ಯಾಂಡಲ್ ತಿರುವಿ ಎಂಜಿನ್ ಚಾಲೂ ಮಾಡಿದ್ದೇ ತಡ, ಪಟ್ಟಾ ಮೆಲ್ಲಗೆ ಅಂಚಿಗೆ ಸರಿದು ಹಾರಿ ಬಿತ್ತು. ಎರಡು ಪುಲ್ಲಿಗಳೂ ಒಂದೇ ನೇರಕ್ಕಿರಲಿಲ್ಲ. ನಾನು ಒಳಗೆ ಹೋದೆ, ಹೊರಗೆ ಬಂದೆ, ಬಸ್ಸು ಬಂತೇ ಎಂದು ರಸ್ತೆ ನೋಡಿದೆ.

"ಒಂದ್ ಕಡೆ ನಿಂದ್ರ ತಂಗಿ, ನೀನೂ ಪಟ್ಟಾ ಜಾರಿದಂಗ ಜಾರಬ್ಯಾಡ," ಎಂದರು ಅತ್ತೆ.

ಒಂದು ಪುಲ್ಲಿಯಿಂದ ಇನ್ನೊಂದಕ್ಕೆ ಹುರಿ ಎಳೆದು ಹಿಡಿದು, ನೇರ ನೋಡಿ, ಮತ್ತೆ ಬಿಗಿದೆವು. ಈ ಸಲ ಪಟ್ಟಾ ಅಲುಗದೆ ಓಡಿತು. ನಾನು ಕೈ ತೊಳೆಯಲು ಎದ್ದರೆ, ಅತ್ತೆ ಎಂಜಿನ್ ಬಂದ್ ಮಾಡಿ, ಸರಿಯಾಗಿ ಕೂತಿದ್ದ ಪಟ್ಟಾವನ್ನೂ ಪುಲ್ಲಿಯನ್ನೂ ಬಿಚ್ಚತೊಡಗಿದರು!

"ಯಾಕ್ರಿ ಅತ್ತಿ? ಚಲೋ ತಿರಗಾಕತ್ತಿತ್ತಲ್ರಿ!"

"ನೀ ಕೈ ಹಚ್ಚಬ್ಯಾಡ. ಕುಂತು ನೋಡು. ತಪ್ಪಿದ್ರ ಹೇಳು."

ಹುರಿಯ ಒಂದು ತುದಿಯನ್ನು ಮೊಳೆಗೆ ಕಟ್ಟಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ, ಒಬ್ಬರೇ ಎಲ್ಲ ಜೋಡಿಸಿದರು. ನನಗೆ ಸಿಟ್ಟು, ಅವಸರ. ಕೂತಲ್ಲೇ ಸೆರಗಿನ ಅಂಚನ್ನು ಜಗಿದೆ. ಇಂಥ ಸಮಯದಲ್ಲಿ ಈ ಹೆಂಗಸಿಗೆ ಇದೆಂಥ ಹಟ ಎನಿಸಿತ್ತು.

ಭಾನುವಾರ ಸಿಂದಗಿಯವರು ಬಂದರು, ಗಿರಣಿ ತಿರುಗುವುದನ್ನು ಕಣ್ತುಂಬ ನೋಡಿದರು. ಅತ್ತೆ ಚಹಾ ಕೊಟ್ಟು, "ತಪ್ಪ ತಿಳೀಬ್ಯಾಡ್ರಿ, ಗಿರಣಿ ಕೊಡೂದಿಲ್ಲ," ಎಂದರು.

ಅವರು ಹೋದ ಮೇಲೆ ನನ್ನ ಗಂಡ ಸಿಡಿದರು. "ಹಂಗಾರ ಇಕಿ ಇನ್ನೂ ಎಷ್ಟ ದಿವಸ ಇಲ್ಲೇ ಇರಬೇಕವ್ವಾ?"

"ಇಕಿ ಯಾಕ ಇರ್ತಾಳ? ನಾಳೆ ಕರಕೊಂಡ ಹೋಗು," ಎಂದರು ಅತ್ತೆ. "ಗಿರಣಿ ಕೆಟ್ರ ಯಾರದಾರ ಅಂತಿದ್ದೆಲ್ಲ? ಪಟ್ಟಾ ಹಾಕೂದು ನನಗ ಬರ್ತೈತಿ. ನಿನ್ನ ಹೇಣ್ತಿನ್ನ ಕೇಳು, ನಿನ್ನಿ ಕುಂತು ನೋಡ್ಯಾಳ."

ಇಬ್ಬರೂ ನನ್ನ ಕಡೆ ನೋಡಿದರು. ಅಷ್ಟು ದಿನ ಬಯಸಿದ ಮಾತು ಎದುರಿಗೇ ನಿಂತಿತ್ತು. "ಹೌದ್ರಿ, ಅತ್ತಿ ಒಬ್ಬರ ಹಾಕಿದ್ರು," ಎಂದಷ್ಟೇ ಹೇಳಿದೆ. ಸೋಮವಾರ ಬಸ್ಸು ಹತ್ತಿದೆ. ಇಂಡಿಯ ಕೋಣೆ ಸಣ್ಣದು, ನಾನು ಬಯಸಿದ ಹಾಗೇ ಇತ್ತು. ಆದರೂ ಬೆಳಗಿನ ಹೊತ್ತಿಗೆ ಏನೋ ಕೇಳಿಸಲಿಲ್ಲವೆನಿಸಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ.

ಅತ್ತೆ ಎಷ್ಟೋ ವರ್ಷ ಗಿರಣಿ ನಡೆಸಿದರು. ಮೊಣಕಾಲು ಸೋತ ಮೇಲೆ ತಾವೇ ಅದನ್ನು ಊರಿನ ಹೆಣ್ಣುಮಗಳೊಬ್ಬಳಿಗೆ ಕೊಟ್ಟು, ಪಟ್ಟಾ ಹಾಕುವುದನ್ನು ಕಲಿಸಿ, ನಮ್ಮಲ್ಲಿಗೆ ಬಂದರು. ಮೊನ್ನೆ ಅವರ ಮಂಚದ ತುದಿಗೆ ಹೋಗಿ ಕೂತೆ. ಇಷ್ಟು ವರ್ಷ ಕೇಳದ ಒಂದು ಮಾತು ಬಾಯಿಗೆ ಬಂತು.

"ಅತ್ತಿ, ಆ ಸೋಮವಾರ ನಾವು ಹ್ವಾದ ಮ್ಯಾಲೆ ಏನ್ ಮಾಡಿದ್ರಿ?"

ಅವರು ದಿಂಬಿಗೆ ಆನಿಕೊಂಡು ಎದ್ದು ಕೂತರು.

"ಎಂಜಿನ್ ಚಾಲೂ ಮಾಡಿದ್ನಿ," ಎಂದರು. "ಅವತ್ತ ಬೀಸಾಕ ಯಾರೂ ಬಂದಿರಲಿಲ್ಲ. ಖಾಲಿ ತಿರಗಿದ್ರ ಕಲ್ಲು ಸವೀತಾವಂತ ಗೊತ್ತಿತ್ತು. ಆದ್ರೂ ಮಧ್ಯಾಹ್ನತನಕ ಹಂಗ ತಿರಗಾಕ ಬಿಟ್ಟಿದ್ನಿ."