ಕಟ್‌ಕಟ್ ಡಾಕ್ಟರರೂ ಅಣ್ಣನ ಬಲಗಾಲೂ

ಮಿರಜದಲ್ಲಿ ಮನೆ ಇದ್ದವರಿಗೆ ನೆಂಟರ ಕೊರತೆ ಇರುವುದಿಲ್ಲ. ನನ್ನ ತವರು ಜಮಖಂಡಿ ಕಡೆಯ ಹಳ್ಳಿ. ಅಲ್ಲಿ ಯಾರ ಹೊಟ್ಟೆಯಲ್ಲಿ ಗಂಟು ಕಂಡರೂ, ಯಾರ ಕಣ್ಣಿಗೆ ಪೊರೆ ಬಂದರೂ ಅವರು ಬಸ್ಸಿಳಿದು ಮೊದಲು ಬರುವುದು ನಮ್ಮ ಮನೆಗೆ, ಆಮೇಲೆ ಆಸ್ಪತ್ರೆಗೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಈ ಊರಿಗೆ ಸೊಸೆಯಾಗಿ ಬಂದ ನಾನು ಗಂಜಿ ಕಾಯಿಸುವುದರಲ್ಲಿ, ಆಸ್ಪತ್ರೆಗೆ ಊಟದ ಡಬ್ಬಿ ಹೊರುವುದರಲ್ಲಿ ಪಂಡಿತೆಯಾಗಿದ್ದೇನೆ. ಬಂದವರು ಗುಣವಾಗಿ ಹೋಗುತ್ತಾರೆ. ನನ್ನ ಕುತ್ತಿಗೆ ಹಿಡಿಯುತ್ತದೆ.

ಒಮ್ಮೆ ಹಾಗೆ ಹಿಡಿದಾಗ ಯಾರೋ ಹೇಳಿದರೆಂದು ಸಾಂಗಲಿಗೆ ಹೋದೆ. ಅಲ್ಲೊಬ್ಬರು ಕಾಯ್ರೊಪ್ರಾಕ್ಟಿಕ್ ಎಂದು ಬೋರ್ಡು ಹಾಕಿಕೊಂಡಿದ್ದರು. ಆ ಹೆಸರು ಯಾರ ಬಾಯಲ್ಲೂ ತಿರುಗದೆ ಜನ ಕಟ್‌ಕಟ್ ಡಾಕ್ಟರ್ ಎನ್ನುತ್ತಿದ್ದರು. ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುವಿದರೆ ಎಲುಬು ‘ಕಟ್’ ಎನ್ನುತ್ತಿತ್ತು. ನನ್ನದೂ ಅಂದಿತು. ಕುತ್ತಿಗೆ ಹೂವಿನಂತೆ ಹಗುರಾಯಿತು. ನಮ್ಮ ಮನೆಯಲ್ಲಿ ಬಹಳ ದಿನದಿಂದ ಮಲಗಿದ್ದ ದೂರದ ಮಾವ ಅದೇ ವಾರ ಊರಿಗೆ ಹೋಗಿದ್ದರು. ಹಗುರಾದದ್ದು ಕಟ್ ಎಂದದ್ದರಿಂದಲೋ, ಮಾವ ಹೋದದ್ದರಿಂದಲೋ ಎಂದು ನಾನು ವಿಚಾರ ಮಾಡಲಿಲ್ಲ. ಗುಣವಾದವರು ವಿಚಾರ ಮಾಡುವುದಿಲ್ಲ.

ಸೊಂಟ ಹಿಡಿದುಕೊಂಡು ನನ್ನ ಅಣ್ಣ ಬಂದಾಗ ನಾನು ಆ ಡಾಕ್ಟರರನ್ನು ದೇವರಂತೆ ಹೊಗಳಿದೆ. ಅಣ್ಣ ದರ್ಜಿ. ಬಲಗಾಲಿನಿಂದ ಹೊಲಿಗೆ ಯಂತ್ರ ತುಳಿದೇ ಅವನ ಸಂಸಾರ ನಡೆದದ್ದು. ಮಿರಜದ ಆಸ್ಪತ್ರೆಗಳಲ್ಲಿ ಕಸ ಹೊಡೆಯುವವರಿಗೂ ಕನ್ನಡ ಬರುತ್ತದೆ. ಸಾಂಗಲಿಯ ಆ ಡಾಕ್ಟರರಿಗೆ ಮರಾಠಿ ಬಿಟ್ಟು ಬೇರೆ ಬರುತ್ತಿರಲಿಲ್ಲ. ಹಾಗಾಗಿ ನಡುವೆ ನಾನು ಕುಳಿತೆ.

“ಪಾಯಾತ ಮುಂಗ್ಯಾ ಯೇತಾತ ಕಾ?” ಎಂದು ಡಾಕ್ಟರ್ ಕೇಳಿದರು.

“ಕಾಲಾಗ ಜುಮುಜುಮು ಅಂತೈತೇನು ಅಂತ ಕೇಳಾಕತ್ತಾರ,” ಎಂದೆ.

“ಜುಮುಜುಮು ಏನ್ ಬಂತು ತಂಗಿ, ಬಲಗಾಲಾಗ ಚಪ್ಪಲಿ ಐತೋ ಇಲ್ಲೋ ಅನ್ನೂದ ತಿಳಿಯಂಗಿಲ್ಲ. ಮೊನ್ನಿ ಒಂದ ಚಪ್ಪಲಿ ಬಸ್ಸಿನ್ಯಾಗ ಬಿಟ್ಟ ಇಳದೀನಿ.”

ಕಾಲು ಮರಗಟ್ಟಿದವರನ್ನು ತಾನು ಮುಟ್ಟುವುದಿಲ್ಲ, ಮಿರಜಕ್ಕೆ ಸ್ಕ್ಯಾನಿಗೆ ಕಳಿಸುತ್ತೇನೆ ಎಂದು ಆ ಮನುಷ್ಯ ನನ್ನ ಕುತ್ತಿಗೆ ನೋಡುವಾಗಲೇ ಹೇಳಿದ್ದರು. ಸ್ಕ್ಯಾನು ಎಂದರೆ ಆಪರೇಶನ್ನು. ಆಪರೇಶನ್ನು ಎಂದರೆ ನಮ್ಮ ಪಡಸಾಲೆ, ನನ್ನ ಗಂಜಿ, ನನ್ನ ಡಬ್ಬಿ.

“ನಾಹೀ,” ಎಂದೆ ನಾನು ಡಾಕ್ಟರರಿಗೆ, ಹಾಗೇನೂ ಇಲ್ಲ ಎಂದು.

ಕಟ್ ಎಂದಿತು. ಅಣ್ಣ ಎದ್ದು ನಿಂತು ನಕ್ಕ. “ಹಗುರಾತು. ಈತನ ಕೈಯಾಗ ಏನೋ ಐತಿ ಬಿಡು.” ಆ ದಿನ ನಮ್ಮ ಮನೆಯಲ್ಲಿ ಚೆನ್ನಾಗಿ ಉಂಡು ಊರಿಗೆ ಹೋದ. ಮತ್ತೆ ಕೆಲವು ಸಲ ಬಂದ. ಪ್ರತಿ ಸಲ ಕೆಲವು ದಿನ ಆರಾಮ, ಆಮೇಲೆ ಮೊದಲಿನ ಹಾಗೇ. ಆರಾಮಿದ್ದ ದಿನಗಳ ಸುದ್ದಿಯನ್ನು ಫೋನಿನಲ್ಲಿ ಹೇಳುತ್ತಿದ್ದ. ಉಳಿದ ದಿನ ಫೋನು ಮಾಡುತ್ತಿರಲಿಲ್ಲ.

ಒಂದು ಮುಂಜಾನೆ ಅವನ ಬಲಗಾಲು ಯಂತ್ರದ ತುಳಿಹಲಗೆಯಿಂದ ಜಾರಿತು. ಎತ್ತಲು ಹೋದರೆ ಪಾದ ಏಳಲಿಲ್ಲ. ಮಿರಜಕ್ಕೆ ತಂದರು. ಸ್ಕ್ಯಾನಾಯಿತು, ಆಪರೇಶನ್ನಾಯಿತು. ಯಾವ ಪಡಸಾಲೆಯನ್ನು ಉಳಿಸಿಕೊಳ್ಳಲು ಸುಳ್ಳು ಹೇಳಿದ್ದೆನೋ ಅದೇ ಪಡಸಾಲೆಯಲ್ಲಿ ಅಣ್ಣ ತಿಂಗಳುಗಟ್ಟಲೆ ಮಲಗಿದ. ನೋವು ಹೋಯಿತು. ಪಾದ ಪೂರ್ತಿ ತಿರುಗಿ ಬರಲಿಲ್ಲ.

ಆಸ್ಪತ್ರೆಯ ನರ್ಸು ಅವನನ್ನು ಕನ್ನಡದಲ್ಲೇ ಗದರಿಸಿದ್ದಳು. “ಕಾಲು ಮರಗಟ್ಟಿದ್ದು ಆ ಕಟ್‌ಕಟ್ ಡಾಕ್ಟರಗ ಹೇಳಿದ್ದಿಲ್ಲೇನ್ರಿ?”

“ಹೇಳಿದ್ವಿರಿ,” ಎಂದ ಅಣ್ಣ.

ನಾನು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ. ಮುಚ್ಚಳ ಬಹಳ ಬಿಗಿಯಾಗಿದೆ ಎಂಬಂತೆ ಅದನ್ನೇ ನೋಡಿದೆ. ಆ ಮಾತು ಊರಿಗೆ ಹೋಯಿತು. ಹೇಳಿದರೂ ಕೇಳದೆ ಎಲುಬು ಮುರಿದ ಕಳ್ಳ ಡಾಕ್ಟರ್ ಎಂದು ಜಮಖಂಡಿ ಕಡೆಯ ಜನ ಅವರ ಹತ್ತಿರ ಹೋಗುವುದನ್ನೇ ನಿಲ್ಲಿಸಿದರು. ಅಣ್ಣ ಮಾತ್ರ, “ಹಾಂಗ ಅನಬ್ಯಾಡ್ರಿ, ಆತನ ಕಡೆ ಹೋದಾಗೆಲ್ಲ ನನಗ ಆರಾಮ ಆಗೇತಿ,” ಎನ್ನುತ್ತಿದ್ದ.

ಕಡೆಗೆ ಒಂದು ದಿನ ಅವನ ಕಾಲಿಗೆ ಎಣ್ಣೆ ತಿಕ್ಕುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಅವನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಆ ಪಾದ ಅವನ ಮಾತು ಕೇಳುತ್ತಲೂ ಇರಲಿಲ್ಲ.

“ನಾಹೀ ಅಂದ್ರ ಏನು ಅಂತ ನನಗ ಗೊತ್ತಿಲ್ಲೇನ? ಅಷ್ಟ ಮರಾಠಿ ನನಗೂ ಬರತೈತಿ.”

“ಮತ್ತ ಯಾಕ ಸುಮ್ಮನಾದಿ?”

“ಆಪರೇಶನ್ ಅಂದ್ರ ನನಗ ಅಂಜಿಕಿ. ನೀ ನಾಹೀ ಅಂದಿ, ಛಲೋ ಆತು ಅಂತ ಸುಮ್ಮನ ಮಲಗಿದೆ. ಅರ್ಧಾ ಬ್ಯಾನಿ ಅಲ್ಲೇ ಹೋತು.”

“ನರ್ಸಿಗೆ ಸುಳ್ಳ ಹೇಳಿದಿ.”

“ನಿನ್ನ ಮಾರಿ ನೋಡಿ ಹೇಳಿದೆ. ತಿಕ್ಕು, ಎಣ್ಣಿ ಆರಾಕತ್ತೇತಿ.”

ಇದರಿಂದ ನನ್ನ ತಪ್ಪು ಅರ್ಧವಾಯಿತು ಎಂದು ನಾನು ಹೇಳುವುದಿಲ್ಲ. ಅವನು ಅಂಜಿದ್ದ. ನಾನು ಅಂಜಿರಲಿಲ್ಲ, ಬೇಸತ್ತಿದ್ದೆ. ಈಗ ಅವನು ಊರಲ್ಲಿ ಎಡಗಾಲಿನಿಂದ ಯಂತ್ರ ತುಳಿಯುತ್ತಾನೆ. ಮೊದಲ ಕುಪ್ಪಸ ನನಗೇ ಹೊಲಿದು ಕಳಿಸಿದ. ಹೊಲಿಗೆ ತುಸು ಸೊಟ್ಟ.

ನನ್ನ ಕುತ್ತಿಗೆ ಮತ್ತೆ ಹಿಡಿದಿದೆ. ಎಣ್ಣೆ, ಬಿಸಿನೀರು, ಗುಳಿಗೆ, ಯಾವುದಕ್ಕೂ ಬಗ್ಗುತ್ತಿಲ್ಲ. ಸಾಂಗಲಿಗೆ ಹೋದರೆ ಒಂದು ಕಟ್‌ನಲ್ಲಿ ಹೋದೀತು, ಖರೆ ಔಷಧವೋ ಬರೀ ನಂಬಿಕೆಯೋ, ಏನಾದರೂ ಇರಲಿ. ಆದರೆ ಆ ಮನುಷ್ಯ ಮೊದಲು ನಿಮ್ಮ ಅಣ್ಣ ಹೇಗಿದ್ದಾರೆ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಮರಾಠಿಯಲ್ಲಿ ಏನು ಹೇಳಬೇಕೆಂದು ನನಗೆ ಇನ್ನೂ ತಿಳಿದಿಲ್ಲ. ಅಲ್ಲಿಯವರೆಗೆ ಕುತ್ತಿಗೆ ಹೀಗೇ ಇರಲಿ.