ಅರಕಲಗೂಡಿನಲ್ಲಿ ಸಿಗಲಾರದ ಎಲೆ

ಚನ್ನರಾಯಪಟ್ಟಣದ ರಾಜೀಮತಿ ಮೇಡಂ ಕಲ್ಲಿಗೆ ಸುತ್ತಿಗೆ ಹಾಕುವ ಮೊದಲು ಅದನ್ನು ಮಗುಚಿ, ಅಡಿಯಲ್ಲಿದ್ದ ಇರುವೆ, ಚೇಳುಗಳನ್ನು ಬ್ರಶ್ಶಿನಿಂದ ಮೆಲ್ಲಗೆ ಆಚೆಗೆ ಸರಿಸುತ್ತಿದ್ದರು. ಜೈನರ ಮನೆಯಲ್ಲಿ ಬೆಳೆದ ಕೈ. ಅಂಥ ಹೆಂಗಸು ಒಬ್ಬ ಮನುಷ್ಯನ ಮೇಲೆ ಮೂರು ವರ್ಷ ಹಲ್ಲು ಮಸೆದರು ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ನಂಬಬೇಕು.

ಮೇಡಂ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ತಮ್ಮ ಪದ್ಮಕುಮಾರನಿಗೆ ಮಹಾರಾಷ್ಟ್ರದ ಚಂದ್ರಪುರದ ಕಡೆ ಕಲ್ಲಿದ್ದಲು ಗಣಿಯಲ್ಲಿ ಕೆಲಸ. ರಜೆ ಬಂತೆಂದರೆ ಅಕ್ಕ ಅಲ್ಲಿಗೆ ಹೊರಡುತ್ತಿದ್ದರು. ಗಣಿಯವರು ಬೇಡವೆಂದು ಸುರಿದ ಶೇಲ್ ಎಂಬ ಜೇಡಿಕಲ್ಲಿನ ಗುಡ್ಡೆಯ ಮೇಲೆ ಕೂತು, ಅದರ ಅಂಚಿಗೆ ಉಳಿ ಇಟ್ಟು ಹಗುರಕ್ಕೆ ತಟ್ಟಿದರೆ ಕಲ್ಲು ಪದರ ಪದರವಾಗಿ ಬಿಡುತ್ತಿತ್ತು. ನೂರಕ್ಕೆ ತೊಂಬತ್ತೊಂಬತ್ತು ಸಲ ಒಳಗೆ ಏನೂ ಇರುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ತಟ್ಟಿದ ಮೇಲೆ ಒಂದು ದಿನ ಗೇಣುದ್ದದ ಎಲೆಯ ಪಳೆಯುಳಿಕೆ ಸಿಕ್ಕಿತು. ಇಪ್ಪತ್ತೈದು ಕೋಟಿ ವರ್ಷದ್ದು, ಒಂದು ನರವೂ ಮಾಸಿರಲಿಲ್ಲ. ಹಳೆಯ ಸೀರೆಯಲ್ಲಿ ಸುತ್ತಿ, ರೈಲಿನಲ್ಲಿ ಮಡಿಲಿನಿಂದ ಕೆಳಗಿಡದೆ ಊರಿಗೆ ತಂದರು.

ಅದನ್ನು ಬ್ರಹ್ಮದೇವ ವಸ್ತುಪ್ರದರ್ಶನಕ್ಕೆಂದು ಎರಡು ವಾರಕ್ಕೆ ಕೇಳಿ ಒಯ್ದ. ದೂರದ ನೆಂಟ, ಹಾಸನದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಎರಡು ವಾರ ಆರು ತಿಂಗಳಾಯಿತು. ಮೇಡಂ ಬಸ್ಸು ಹತ್ತಿ ಅವನ ಕಾಲೇಜಿಗೆ ಹೋಗಿ ನೋಡಿದರೆ ಎಲೆ ಗಾಜಿನ ಬೀರುವಿನಲ್ಲಿದೆ. ಕೆಳಗೊಂದು ಚೀಟಿ: "ಅರಕಲಗೂಡು ಬಳಿ ದೊರೆತದ್ದು. ಸಂಗ್ರಹ: ಬ್ರಹ್ಮದೇವ."

"ನಮ್ ಮೇಷ್ಟ್ರು ಒಬ್ರೇ ಓಗಿ ಅಗೆದು ತಂದವ್ರೆ ಕಣಮ್ಮ. ಪೇಪರ್ನಾಗೂ ಬಂದಿತ್ತು," ಎಂದ ಜವಾನ ಪರಮಶಿವಯ್ಯ, ಹೆಮ್ಮೆಯಿಂದ.

ಮೇಡಂಗೆ ಮೈಯೆಲ್ಲ ಉರಿದುಹೋಯಿತು. ಮರುಗಳಿಗೆಯೇ ನಗು ಬಂತು. ಅರಕಲಗೂಡಿನ ಬಂಡೆ ಮುನ್ನೂರು ಕೋಟಿ ವರ್ಷದ್ದು. ಆಗ ಭೂಮಿಯ ಮೇಲೆ ಎಲೆಯೆಂಬುದೇ ಇರಲಿಲ್ಲ. ಕದ್ದವನಿಗೆ ಅಷ್ಟೂ ಗೊತ್ತಿಲ್ಲ! ಅಲ್ಲೇ ಗಲಾಟೆ ಮಾಡಿದ್ದರೆ ಎಲೆ ಅವತ್ತೇ ಕೈಗೆ ಬರುತ್ತಿತ್ತು. ಆದರೆ ಮೇಡಂಗೆ ಅಷ್ಟು ಸಾಲದು. ಇದು ರಾಜೀಮತಿಯದು ಎಂದು ಅವನ ಬಾಯಿಂದಲೇ, ನಾಲ್ಕು ಜನರ ಮುಂದೆ ಬರಬೇಕಿತ್ತು. ಇನ್ನಷ್ಟು ಮೇಲಕ್ಕೆ ಹತ್ತಲಿ ಎಂದುಕೊಂಡು ತೆಪ್ಪಗೆ ಮನೆಗೆ ಬಂದರು.

ಹತ್ತಿದ. ಭಾಷಣ, ಶಾಲು, ಹಾರ, ಎಲ್ಲ ಆಯಿತು.

ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ ಜೈನರೆಲ್ಲ ಒಬ್ಬರಿಗೊಬ್ಬರು ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುವುದು ಪದ್ಧತಿ. ಯಾವ ತಪ್ಪೆಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಶ್ರವಣಬೆಳಗೊಳದ ಬಸದಿಯಲ್ಲಿ ಬ್ರಹ್ಮದೇವ ಎರಡು ವರ್ಷ ಹಾಗೆಯೇ ಕೈಮುಗಿದು, ಹಲ್ಲು ಕಿರಿದು ಹೋದ. ಮೇಡಮ್ಮೂ ಕೈಮುಗಿದು ಕಳಿಸಿದರು. ಹೊಟ್ಟೆಯೊಳಗಿನ ಕಿಚ್ಚು ಯಾರಿಗೂ ಕಾಣಲಿಲ್ಲ.

ಮೂರನೆಯ ವರ್ಷ ಅವನ ಮುಖ ಬಾಡಿತ್ತು. ಎಲೆ ಸಿಕ್ಕ ಜಾಗ ನೋಡಲು ಮೈಸೂರಿನಿಂದ ಮೂವರು ಭೂವಿಜ್ಞಾನಿಗಳು ಸೋಮವಾರ ಬರುವವರಿದ್ದರು.

"ಅಕ್ಕಾ, ತಿಳಿದೋ ತಿಳೀದೇನೋ ಮಾಡಿದ ತಪ್ಪನ್ನ..."

"ಯಾವ ತಪ್ಪು?" ಎಂದರು ಮೇಡಂ.

ಸುತ್ತಲಿನವರು ತಿರುಗಿ ನೋಡಿದರು. ಕ್ಷಮಾವಾಣಿಯಲ್ಲಿ ಹಾಗೆ ಕೇಳಿದವರನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

"ಅದೇ... ಆ ಎಲೆ."

"ಯಾರ ಎಲೆ? ಜೋರಾಗಿ ಹೇಳಪ್ಪ, ಆ ಕಡೆ ನಿಂತೋರ್ಗೂ ಕೇಳ್ಲಿ."

ಬ್ರಹ್ಮದೇವ ಅತ್ತ ಇತ್ತ ನೋಡಿದ. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. "ನಿಮ್ದು ಅಕ್ಕ. ನಾನು ನನ್ ಹೆಸ್ರು ಹಾಕ್ಕೊಂಡೆ. ಅರಕಲಗೂಡು ಅನ್ನೋದು ಸುಳ್ಳು."

ಮೇಡಂ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಮೂರು ವರ್ಷದ ಹಸಿವಿಗೆ ಅನ್ನ ಬಿದ್ದಂತಾಯಿತು. ಹೊಟ್ಟೆ ಮಾತ್ರ ತುಂಬಲಿಲ್ಲ.

"ಕ್ಷಮಿಸಿದ್ದೀನಿ," ಎಂದರು. ಆ ದಿನ ಬೇರೆ ಮಾತು ಆಡುವಂತಿರಲಿಲ್ಲ.

ಅವನಿಗೆ ಹೋದ ಜೀವ ಬಂದಂತಾಯಿತು. ಹತ್ತಿರ ಬಂದು ದನಿ ತಗ್ಗಿಸಿದ. "ಸೋಮವಾರ ಅವರು ಬಂದಾಗ ನೀವು ಸುಮ್ನಿದ್ಬುಡಿ ಅಕ್ಕ. ಯಾವ್ದೋ ಒಂದು ಹಳ್ಳ ತೋರ್ಸಿ ಕಳಿಸ್ಬುಡ್ತೀನಿ. ಯಾವ ಪುಣ್ಯಾತ್ಮ ಕರೆಸಿದ್ನೋ!"

"ನಾನೇ ಕಣಪ್ಪ," ಎಂದರು ರಾಜೀಮತಿ ಮೇಡಂ, ಕೈಮುಗಿದುಕೊಂಡೇ. "ನಿನ್ನ ಹೊಗಳಿ ಅವರಿಗೆ ಎರಡು ಪುಟ ಬರೆದಿದ್ದೆ. ಅರಕಲಗೂಡಿಗೆ ಹೋಗೋ ಕಾರಲ್ಲಿ ನಂಗೂ ಒಂದು ಸೀಟು ಇಟ್ಟಿರು. ಬುತ್ತಿ ನಾನೇ ಕಟ್ಕೊಂಡು ಬತ್ತೀನಿ."