ಮೂರನೇ ಕಂಬದ ಅರಳಿ

ಕರಿಯಪ್ಪನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಊರಿನವರು ಕಿಸಕ್ಕನೆ ನಗುತ್ತಿದ್ದರು. "ಸೇತ್ವೆಗೆ ಚೌರ ಮಾಡ್ತಾನೆ ಕಣ್ಲಾ!"

ಸುಳ್ಳೇನೂ ಅಲ್ಲ. ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವ ಒಳದಾರಿಯಲ್ಲಿ ಶಿಂಷಾ ಹೊಳೆಗೆ ಅಡ್ಡಲಾಗಿ ರಾಜರ ಕಾಲದ ಕಲ್ಲಿನ ಸೇತುವೆಯೊಂದಿತ್ತು. ಮಳೆಗಾಲ ಮುಗಿದ ಮೇಲೆ ಅದರ ಸಂದಿಗಳಲ್ಲಿ ಹುಟ್ಟುವ ಆಲ, ಅತ್ತಿ, ಅರಳಿ ಸಸಿಗಳನ್ನು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು, ಬೇರುಸಹಿತ ಕೀಳುವುದು ಅವನ ಪಾಲಿನ ಕೂಲಿ. ಅರಳಿಗೆ ಕೈ ಹಾಕಲು ಉಳಿದ ಕೂಲಿಗಳು ಹೆದರುತ್ತಿದ್ದರು. ಕರಿಯಪ್ಪ ಮಾತ್ರ, "ಇಲ್ಲಿ ಬ್ಯಾಡ ಕಣಪ್ಪ, ಬ್ಯಾರೆ ಕಡೆ ಬದಿಕೋ," ಎಂದು ಅದನ್ನು ಕಿತ್ತು ದಡದ ಮೇಲೆ ನೆಟ್ಟು ಬರುತ್ತಿದ್ದ. ದೇವರಿಗೂ ಕೂಲಿ ಕೊಡುವ ಇಲಾಖೆಗೂ ಒಟ್ಟಿಗೆ ನಡೆದುಕೊಳ್ಳುವ ಉಪಾಯ ಅದು.

ಅವನು ಕೀಳದೆ ಬಿಟ್ಟದ್ದು ಒಂದೇ ಒಂದು ಸಸಿ.

ಅವನಿಗೂ ಹೆಂಡತಿ ಚಿಕ್ಕಬೋರಮ್ಮನಿಗೂ ಒಬ್ಬಳೇ ಮಗಳು, ಬೆಳ್ಳಿ. ಆಡಿಕೊಂಡಿದ್ದ ಕೂಸು ಜ್ವರ ಬಂದು ಎರಡೇ ದಿನಕ್ಕೆ ಹೋಗಿಬಿಟ್ಟಿತು. ಆ ಕಡೆ ಕೂಸುಗಳನ್ನು ಸುಡುವುದಿಲ್ಲ. ಅವಕ್ಕೆ ಚಟ್ಟವೂ ಇಲ್ಲ, ಗುಂಡಿಯ ಮೇಲೆ ಹಾಲು ತುಪ್ಪ ಬಿಡುವ ಶಾಸ್ತ್ರವೂ ಇಲ್ಲ. ಅಪ್ಪನೇ ತೋಳಿನಲ್ಲಿ ಎತ್ತಿಕೊಂಡು ಹೋಗಿ ಮಣ್ಣು ಮಾಡಬೇಕು. ಚಿಕ್ಕಬೋರಮ್ಮ ಹಿಂದೆಯೇ ಓಡಿದಾಗ ಅತ್ತೆ ಅವಳ ರಟ್ಟೆ ಹಿಡಿದಳು. "ಎಂಗಸ್ರು ಅಲ್ಲೀಗಂಟ ಬರಬಾರ್ದು ಕಣಮ್ಮಿ."

ಸೇತುವೆಯ ಮೂರನೇ ಕಂಬದ ಪಕ್ಕದ ದಿಬ್ಬದಲ್ಲಿ ಕರಿಯಪ್ಪ ಕೂಸನ್ನು ಹೂತು ಬಂದ. ಅದೇ ವರ್ಷ ಹೊಳೆ ಉಕ್ಕಿ ಬಂದು ಹೂತಲ್ಲಿನ ಮಣ್ಣಿನ ಗುಡ್ಡೆಯನ್ನು ಅಳಿಸಿ ಹಾಕಿತು. ತಾಯಿಗೆ ತೋರಿಸಲು ಒಂದು ಗುರುತೂ ಉಳಿಯಲಿಲ್ಲ.

ಮಳೆ ನಿಂತ ಮೇಲೆ ಅದೇ ಕಂಬದ ಸಂದಿಯಲ್ಲಿ ಅರಳಿಯೊಂದು ಚಿಗುರಿತು. ಚಿಕ್ಕಬೋರಮ್ಮ ಅದನ್ನು ಕಂಡು ಗಂಡನ ಕೈ ಹಿಡಿದುಕೊಂಡಳು. "ಬೆಳ್ಳಿ ಕಣಾ. ಇದೊಂದ ಬುಟ್ಬುಡು."

ಬಿಟ್ಟ. ಅಂಥ ಮುಖ ನೋಡಿ ಕೀಳುವ ಕಲ್ಲೆದೆ ಅವನದಲ್ಲ. ಪ್ರತಿ ಸೋಮವಾರ ಅವಳು ಸೇತುವೆಯ ಮೇಲಿನಿಂದ ಬಗ್ಗಿ ತಂಬಿಗೆ ನೀರು ಬಿಡುತ್ತಿದ್ದಳು. ಮಕ್ಕಳಾಗಲೆಂದು ಹರಕೆ ಹೊತ್ತಿರಬೇಕು ಎಂದು ಊರು ತಿಳಿಯಿತು. ಮಕ್ಕಳೇನೋ ಆಗಲಿಲ್ಲ, ಸಸಿ ಮಾತ್ರ ಆಳೆತ್ತರ ಬೆಳೆಯಿತು.

ಎಪ್ಪತ್ತೇಳರ ಮಳೆಗಾಲದಲ್ಲಿ ಮೂರನೇ ಕಂಬದ ಕಲ್ಲುಗಳು ಕಳಚಿ ಹೊಳೆಗೆ ಬಿದ್ದವು. ಸೇತುವೆಯ ಎರಡೂ ತುದಿಗೆ ಮುಳ್ಳುಬೇಲಿ ಬಿತ್ತು. ಬಸ್ಸು ಸುತ್ತುಬಳಸಿ ಹೋಗತೊಡಗಿತು. ಕಬ್ಬಿನ ಗಾಡಿಯವರು ಬಾಯಿಗೆ ಬಂದಂತೆ ಬೈದರು. ಸರ್ವೆಗೆ ಬಂದ ಇಂಜಿನಿಯರ್ ಸಂಪತ್ ಕುಮಾರ್, ಕಲ್ಲಿನೊಳಗೆ ತೊಡೆಗಾತ್ರ ಇಳಿದಿದ್ದ ಬೇರನ್ನು ನೋಡಿದರು.

"ಚಿಕ್ಕದಿದ್ದಾಗಲೇ ಯಾಕ್ರಯ್ಯ ಕೀಳಲಿಲ್ಲ?"

ಕರಿಯಪ್ಪ ತಲೆ ತಗ್ಗಿಸಿದ. ಮೇಸ್ತ್ರಿ ಬೋರಯ್ಯ ಅಡ್ಡ ಬಂದ. "ಅರಳಿಮರ ಅಲ್ವಾ ಬುದ್ದಿ, ಯಾರ್ ಕೈಯಿಕ್ಕಾರು?"

ಮನೆಯಲ್ಲಿ ದಿನಾ ಅಶ್ವತ್ಥಕ್ಕೆ ಸುತ್ತು ಬರುವ ಹೆಂಡತಿಯುಳ್ಳ ಸಂಪತ್ ಕುಮಾರ್ ಆ ವಿಚಾರವನ್ನು ಅಲ್ಲಿಗೇ ಬಿಟ್ಟರು. "ರಿಪೇರಿ ಶುರುವಾಗಬೇಕಾದರೆ ಮೊದಲು ಇದು ಹೋಗಬೇಕು," ಎಂದಷ್ಟೇ ಹೇಳಿದರು. ಕೂಲಿಗಳೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊಡಲಿ ಎತ್ತಲು ಯಾರೂ ಮುಂದೆ ಬರಲಿಲ್ಲ.

ಸಂಜೆ ಚಿಕ್ಕಬೋರಮ್ಮ ಮುದ್ದೆ ತೊಳಸುತ್ತಿದ್ದಳು. ಕರಿಯಪ್ಪ ಹೊಸಿಲ ಮೇಲೆ ಕೂತು ಎಲ್ಲವನ್ನೂ ಹೇಳಿದ. "ಮಳವಳ್ಳಿಯಿಂದ ಯಾರ್ನಾರ ಕರುಸ್ತಾರಂತೆ. ನನ್ ಕೈಲಾಗಾಕಿಲ್ಲ ಕಣಮ್ಮಿ."

ಅವಳ ಕೈಯ ಕೋಲು ನಿಂತಿತು. ಹಿಟ್ಟು ತಳ ಹಿಡಿದ ವಾಸನೆ ಮನೆ ತುಂಬಿತು. ಆಮೇಲೆ ಹೇಳಿದಳು: "ಕಂಡೋರ್ ಯಾಕ್ ಮುಟ್ಟಬೇಕು? ಆವತ್ತೂ ನೀನೇ ತಾನೆ ಎತ್ಕೊಂಡ್ ಓಗಿದ್ದು. ನೀನೇ ಕಡಿ."

ಆ ರಾತ್ರಿ ಆ ಮನೆಯಲ್ಲಿ ಇಬ್ಬರೂ ಉಣ್ಣಲಿಲ್ಲ.

ಬೆಳಿಗ್ಗೆ ಕರಿಯಪ್ಪ ಸೊಂಟಕ್ಕೆ ಹಗ್ಗ ಬಿಗಿದು ಇಳಿದ. ಈ ಸಲ 'ಬೇರೆ ಕಡೆ ಬದುಕಿಕೋ' ಎನ್ನಲು ಬಾಯಿ ಬರಲಿಲ್ಲ. ಕೊಡಲಿ ಎತ್ತಿ ಬುಡಕ್ಕೆ ಹಾಕಿದ. ಮರ ಉರುಳಿದಾಗ ಬೋರಯ್ಯ ಮೇಲಿನಿಂದ ಕೂಗಿದ: "ಒಳೆಗ್ ತಳ್ಬುಡ್ಲಾ!"

ಕರಿಯಪ್ಪ ತಳ್ಳಲಿಲ್ಲ. ಕೆಳಗಿಳಿದು, ಎಲೆ ನಡುಗುತ್ತಿದ್ದ ಅದನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡ. ಮರವನ್ನು ಯಾರೂ ಹಾಗೆ ಹೊರುವುದಿಲ್ಲ, ಹೆಗಲಿಗೆ ಹಾಕಿಕೊಳ್ಳುತ್ತಾರೆ. ಬೋರಯ್ಯ ನಗಲು ಹೋಗಿ ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದ. ಕರಿಯಪ್ಪ ಅಂದು ಕೂಸನ್ನು ಎತ್ತಿಕೊಂಡು ಹೋದದ್ದು ಅವನಿಗೆ ಒಮ್ಮೆಲೇ ನೆನಪಾಗಿತ್ತು.

ದಿಬ್ಬದ ಕಡೆ ಹೊರಟ ಕರಿಯಪ್ಪನ ಹಿಂದೆ ಚಿಕ್ಕಬೋರಮ್ಮ ಬಂದಳು. ಕೈಯಲ್ಲಿ ತಂಬಿಗೆ ಹಾಲು, ಚಿಪ್ಪಿನಲ್ಲಿ ಚೂರು ತುಪ್ಪ. ಗಂಡ ಗುಂಡಿ ತೋಡುವವರೆಗೂ ನಿಂತಿದ್ದಳು. ಅವನು ಮಣ್ಣು ಎಳೆದ ಮೇಲೆ ಕುಕ್ಕರುಗಾಲಲ್ಲಿ ಕೂತು ಹಾಲು ತುಪ್ಪ ಬಿಟ್ಟು, ಇಷ್ಟು ವರ್ಷ ತಡೆದದ್ದನ್ನೆಲ್ಲ ಬಿಟ್ಟು ಅತ್ತಳು. ಸೇತುವೆಯ ಮೇಲಿದ್ದ ಗಂಡಸರೆಲ್ಲ ನೋಡುತ್ತಿದ್ದರು. ಹೆಂಗಸರು ಅಲ್ಲಿಗೆ ಬರಬಾರದು ಎಂದು ಈ ಸಲ ಯಾರೂ ಹೇಳಲಿಲ್ಲ.